ಇಲಿ ಇರುವಷ್ಟು ದಿನ ನೀರು

ನನ್ನ ಗಂಡ ಎನೋಸ್‌ಗೆ ಕೆಟ್ಟ ಕೆಲಸ ಮಾಡಲು ಬರುವುದಿಲ್ಲ. ಇದನ್ನು ಹೊಗಳಿಕೆ ಅಂದುಕೊಳ್ಳಬೇಡಿ, ಅದು ಅವನ ಕಾಯಿಲೆ. ಒಂದು ಕೋಳಿಗೂಡು ಮಾಡಿಕೊಡು ಮಾರಾಯ ಅಂದರೆ ಮೂರು ವಾರ ಕೆತ್ತಿ, ಉಜ್ಜಿ, ಕೋಳಿಗಳೇ ಒಳಗೆ ಕಾಲಿಡಲು ಸಂಕೋಚಪಡುವಂಥದ್ದನ್ನು ತಂದು ನಿಲ್ಲಿಸುತ್ತಾನೆ. ಇಂಥವನು ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನಗೊಂದು ನಲ್ಲಿ ಹಾಕಿಕೊಡಲಿಲ್ಲ. ಹಾಕುವಂತಿರಲಿಲ್ಲ. ನಾವು ಅಮಿಶ್ ಜನ, ಹಳೇ ಕಾಲದ ಹಾಗೇ ಬದುಕಬೇಕೆನ್ನುವ ಕ್ರೈಸ್ತರು, ಅದರಲ್ಲೂ ಒಹಾಯೋದ ಈ ಮೂಲೆಯ ನಮ್ಮ ಸಭೆ ಬಹಳ ಬಿಗಿ. ಕರೆಂಟಿಲ್ಲ, ಕಾರಿಲ್ಲ, ಅವು ನನಗೆ ಬೇಕಾಗಿಯೂ ಇಲ್ಲ. ಆದರೆ ಮನೆಯೊಳಕ್ಕೆ ಪೈಪಿನ ನೀರೂ ಇಲ್ಲ. ಅಂಗಳದ ಕೈಪಂಪಿನಿಂದ ನನ್ನ ಒಲೆಯ ತನಕ ಎಪ್ಪತ್ತೆರಡು ಹೆಜ್ಜೆ. ಒಂಬತ್ತು ಜನರ ಮನೆ. ಸೋಮವಾರ ಬಟ್ಟೆ ಒಗೆಯುವ ದಿನ ನಲವತ್ತು ಬಕೆಟ್ಟು. ಇಲಿ ಬಂದ ವರ್ಷ ಜನವರಿಯಲ್ಲಿ ಮಂಜುಗಡ್ಡೆಯ ಮೇಲೆ ಬಕೆಟ್ಟಿನ ಸಮೇತ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡೆ. ಮೂಳೆ ಕೂಡಿತು, ಸೊಟ್ಟಗೆ.

ಬಿಷಪ್ ಯೋಸ್ಟ್ ಅವರನ್ನು ಮೂರು ಸಲ ಕೇಳಿದ್ದೆ. ಮೂರು ಸಲವೂ ಒಂದೇ ಉತ್ತರ.

"ಇವತ್ತು ನಲ್ಲಿ ಅಂತೀಯ ಸಲೋಮಾ. ನಾಳೆ ಬಿಸಿನೀರು ಅಂತೀಯ. ನಾಡಿದ್ದು ಟೆಲಿವಿಷನ್ ಬೇಕು ಅಂತೀಯ."

ನಲ್ಲಿಯಿಂದ ಟೆಲಿವಿಷನ್ ಹೇಗೆ ಬರುತ್ತದೋ ದೇವರೇ ಬಲ್ಲ. ನಾನು ತಲೆ ತಗ್ಗಿಸಿಕೊಂಡು ವಾಪಸು ಬಂದೆ.

ಆ ಬೇಸಿಗೆಯಲ್ಲಿ ಎನೋಸ್ ಮರಗೆಲಸ ಮಾಡುವ ಶೆಡ್ಡಿಗೆ ವೇಡ್ ಎಂಬ ಇಂಗ್ಲಿಷಿನವನೊಬ್ಬ ಬಂದ. ನಮ್ಮವರಲ್ಲದವರೆಲ್ಲ ನಮಗೆ ಇಂಗ್ಲಿಷಿನವರೇ. ಎರಡು ತೋಳಿನ ಮೇಲೂ ಹಚ್ಚೆ, ಕೈಯಲ್ಲಿ ಪಿಜ್ಜಾ ತಂದ ರಟ್ಟಿನ ಡಬ್ಬ. ಡಬ್ಬದ ಮೇಲೆ ಪೆನ್ನಿನಿಂದ ಏನೋ ಗೀಚಿತ್ತು.

"ಇದು ಕಪಾಟಾ?" ಎನೋಸ್ ಕೇಳಿದ.

"ಇಲಿ ಮನೆ. ನಲವತ್ತು ಖಾನೆ."

ಅವನು ಎಂಬತ್ತು ಹೆಬ್ಬಾವು ಸಾಕಿದ್ದಾನಂತೆ. ಹಾವಿಗೆ ಇಲಿ ಬೇಕು, ಆ ಇಲಿಗಳಿಗೆ ಮನೆ ಬೇಕು. ತಾನೇ ಹಳೆ ಪುಸ್ತಕದ ಕಪಾಟಿಗೆ ಪ್ಲಾಸ್ಟಿಕ್ ಡಬ್ಬ ಸಿಕ್ಕಿಸಿ ಒಂದು ಮಾಡಿದ್ದನಂತೆ. ಇಲಿಗಳು ಡಬ್ಬ ಕಡಿದು ಹೊರಬಂದು ಸೋಫಾ ತಿಂದು, ಅವನ ಹೆಂಡತಿಯ ಮದುವೆಯ ಬಟ್ಟೆಯಲ್ಲಿ ಮರಿ ಹಾಕಿದವಂತೆ. ಇಲಿಯನ್ನಾದರೂ ಇಟ್ಟುಕೋ, ನನ್ನನ್ನಾದರೂ ಇಟ್ಟುಕೋ ಅಂದಳಂತೆ ಅವಳು. ಇವನು ಒಂದು ವಾರ ಟೈಮು ಕೇಳಿದನಂತೆ.

"ಗಟ್ಟಿಯಾಗಿರಬೇಕು, ಅಷ್ಟೇ. ಚಂದ ಗಿಂದ ಏನೂ ಬೇಡ," ಎಂದ ವೇಡ್.

ಎನೋಸ್‌ಗೆ ಈ ಮಾತು ಹೇಳಬಾರದಿತ್ತು. ಅವನು ಓಕ್ ಮರ ತಂದ. ಒಂದು ಮೊಳೆ ಮುಟ್ಟದೆ ಹಲ್ಲಿಗೆ ಹಲ್ಲು ಕೂರಿಸಿ ಚೌಕಟ್ಟು ಮಾಡಿದ. ಸಿಮೆಂಟು ಕಲಸುವ ನಲವತ್ತು ದಪ್ಪ ತೊಟ್ಟಿಗಳನ್ನು ಡ್ರಾಯರಿನ ಹಾಗೆ ಎಳೆದು ತಳ್ಳುವಂತೆ ಜೋಡಿಸಿ, ಇಲಿ ಹಲ್ಲಿಡುವ ಅಂಚಿಗೆಲ್ಲ ತಗಡು ಹೊಡೆದು, ಮೇಲೆ ತಂತಿ ಜಾಲರಿ ಬಿಗಿದ. ಆಮೇಲೆ ಇಡೀ ಇಲಿ ಮನೆಗೆ ಜೇನುಮೇಣ ತಿಕ್ಕಿದ. ಪರೀಕ್ಷೆಗೆಂದು ವೇಡ್ ಹತ್ತು ಇಲಿ ಬಿಟ್ಟುಹೋಗಿದ್ದ. ಎನೋಸ್ ಅವುಗಳ ಎದುರು ಸ್ಟೂಲು ಹಾಕಿಕೊಂಡು ಕೂರುತ್ತಿದ್ದ.

"ಇವಕ್ಕೆ ಮೂಲೇಲಿ ಮಲಗೋದು ಇಷ್ಟ ಕಣೇ," ಎಂದ ಒಂದು ದಿನ, ಊಟದ ಮಧ್ಯೆ.

"ನನಗೆ ಏನಿಷ್ಟ ಅಂತ ಎಂದಾದ್ರೂ ಸ್ಟೂಲು ಹಾಕ್ಕೊಂಡು ನೋಡಿದ್ದೀಯಾ?"

ಅವನು ಆಲೂಗಡ್ಡೆ ಬಡಿಸಿಕೊಂಡ.

ಒಂದು ಬುಧವಾರ ಊಟಕ್ಕೆ ಕರೆಯಲು ಶೆಡ್ಡಿಗೆ ಹೋದೆ. ಗುಡ್ಡದ ಒರತೆಯಿಂದ ಹಸುಗಳ ತೊಟ್ಟಿಗೆ ತಾನಾಗಿ ಇಳಿದು ಬರುವ ಪೈಪೊಂದು ಅವನ ತಾತನ ಕಾಲದಿಂದ ಇತ್ತು. ಎನೋಸ್ ಅದಕ್ಕೊಂದು ಕವಲು ಹಾಕಿ ಶೆಡ್ಡಿಗೆ ತಂದಿದ್ದ. ಅಲ್ಲಿಂದ ಪ್ರತಿ ಖಾನೆಗೂ ಒಂದೊಂದು ಹಿತ್ತಾಳೆಯ ತೊಟ್ಟು. ಇಲಿ ನಾಲಿಗೆ ತಾಗಿಸಿದರೆ ಟಿಕ್ ಅಂತ ಸದ್ದಾಗಿ ಒಂದು ಹನಿ ನೀರು. ಇನ್ನೊಮ್ಮೆ ತಾಗಿಸಿದರೆ ಇನ್ನೊಂದು ಹನಿ. ಪಕ್ಕದಲ್ಲಿ ತೊಟ್ಟಿ ತೊಳೆಯಲು ನಿಜವಾದ ಒಂದು ನಲ್ಲಿ, ತಿರುಗಿಸಿದರೆ ಧೋ ಎಂದು ಸುರಿಯುವಂಥದ್ದು.

ನಾನು ನೋಡುತ್ತಾ ನಿಂತೆ. ಒಂದು ಬಿಳಿ ಹೆಣ್ಣಿಲಿ ಮಲಗಿದ್ದಲ್ಲಿಂದ ಏಳದೆಯೇ ಕತ್ತು ಮಾತ್ರ ಚಾಚಿ ನೀರು ಕುಡಿಯಿತು.

"ಎನೋಸ್! ನಾಳೆ ಹಾವಿನ ಬಾಯಿಗೆ ಹೋಗೋ ಪ್ರಾಣಿಗೆ ಕೋಣೆ ಕೋಣೆಗೂ ನೀರು. ಏಳು ಮಕ್ಕಳನ್ನ ಹೆತ್ತ ನನಗೆ ಬಕೆಟ್ಟು! ನಿನಗೆ ನಾಚಿಕೆ ಆಗಲ್ವಾ?"

"ಇಲಿ ನಮ್ಮ ಸಭೆಗೆ ಸೇರಿದ್ದಲ್ಲ ಕಣೇ," ಎಂದ ಅವನು ಮೆಲ್ಲಗೆ. ತಮಾಷೆಗಲ್ಲ, ನಿಜವಾಗಿಯೇ ಹೇಳಿದ.

ಸುದ್ದಿ ಹರಡಿತು. ಹೆಂಗಸರು ಒಂದು ಗಾಡಿಗೆ ಆರಾರು ಜನರಂತೆ ಕುದುರೆ ಗಾಡಿಗಳಲ್ಲಿ ಬಂದರು. ಸಾವಿನ ಮನೆಗೆ ಬಂದವರ ಹಾಗೆ ಸಾಲಾಗಿ, ಸದ್ದಿಲ್ಲದೆ ನಿಂತು ಇಲಿ ನೀರು ಕುಡಿಯುವುದನ್ನು ನೋಡಿದರು. ಬಿಷಪ್ಪರ ಹೆಂಡತಿ ಮಲಿಂಡಾ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು. ಅವಳ ಮಂಡಿಗಳು ಕುಂಬಳಕಾಯಿಯ ಹಾಗೆ ಊದಿದ್ದವು.

ಮರುದಿನ ಬಿಷಪ್ಪರೇ ಬಂದರು. ಟೋಪಿ ತೆಗೆದು, ಬಗ್ಗಿ, ಒಂದೊಂದೇ ಖಾನೆ ಎಳೆದು ನೋಡಿದರು.

"ಹಾವು ಮಣ್ಣು ತಿನ್ನಲಿ ಅಂತ ಬೈಬಲಿನಲ್ಲಿ ದೇವರ ಶಾಪ ಇದೆ ಎನೋಸ್. ಇಲಿ ತಿನ್ನಲಿ ಅಂತ ಎಲ್ಲೂ ಬರೆದಿಲ್ಲ."

"ತಿನ್ನಬಾರದು ಅಂತಲೂ ಬರೆದಿಲ್ಲ ಯೋಸ್ಟ್."

ಬಿಷಪ್ಪರು ಗಡ್ಡ ನೀವಿಕೊಂಡರು. "ಹೂಂ. ಪೈಪಿನ ವಿಷಯ. ಜಾನುವಾರಿಗೆ ಪೈಪು ಇರಬಹುದು ಅನ್ನೋದು ನಮ್ಮ ಹಳೇ ಕಟ್ಟಳೆ. ಇಲೀನೂ ಜಾನುವಾರೇ. ಪ್ರಾಣಿ ಎಲ್ಲಿರುತ್ತೋ ಅಲ್ಲಿಗೆ ನೀರು ಹೋಗಬಹುದು."

ಎಲ್ಲಿರುತ್ತೋ ಅಲ್ಲಿಗೆ! ಆ ಮಾತು ನನ್ನ ಕಿವಿಗೆ ಬಿದ್ದದ್ದೇ ತಡ, ಮುಂದಿನದು ಅವರು ಏನು ಹೇಳಿದರೋ ನನಗೆ ಕೇಳಿಸಲೇ ಇಲ್ಲ.

ಅವತ್ತು ಸಂಜೆಯೇ ಎನೋಸ್‌ನನ್ನು ಹಿಡಿದು ಕೂರಿಸಿದೆ. "ಅಡಿಗೆ ಮನೇಲಿ ಒಂದು ಇಲಿ ಸಾಕ್ತೀನಿ. ಒಂದೇ ಖಾನೆಯ ಮನೆ ಮಾಡಿಕೊಡು."

"ಅಡಿಗೆ ಮನೇಲಿ ಇಲಿಯಾ? ನಿನಗೇನಾಗಿದೆ?"

"ನಿನ್ನ ಕೈಲಿ ಆಗಲ್ಲ ಅಂದ್ರೆ ಬಿಡು. ಒಲೆ ಪಕ್ಕ ಜಾಗ ಕಿಷ್ಕಿಂಧೆ. ಅಷ್ಟು ಚಿಕ್ಕದಾಗಿ ಮಾಡೋದು ಕಷ್ಟಾನೇ."

ಆಗಲ್ಲ ಅನ್ನುವ ಮಾತು ಅವನಿಗೆ ತಡೆಯದು. ನಾಲ್ಕೇ ದಿನದಲ್ಲಿ ಕಪ್ಪು ವಾಲ್ನಟ್ ಮರದಲ್ಲಿ ಪುಟ್ಟ ಮನೆ ಬಂತು, ಪೈಪು ಬಂತು, ತೊಟ್ಟು ಬಂತು. ಖಾನೆ ತೊಳೆಯಲು ನಲ್ಲಿಯೂ ಬಂತು. ಆ ಬಿಳಿ ಹೆಣ್ಣಿಲಿಯನ್ನು ಒಳಗೆ ಬಿಟ್ಟೆ. ನಲ್ಲಿ ತಿರುಗಿಸಿ ಇಲಿಯ ಖಾನೆ ತೊಳೆದೆ. ಆಮೇಲೆ ಕೈ ತಪ್ಪಿ ಅನ್ನೋಣ, ಕೆಟಲಿಗೂ ನೀರು ಹಿಡಿದೆ. ಪಾತ್ರೆಯನ್ನೂ ತೊಳೆದೆ. ಸಿಂಕಿನ ಮುಂದೆ ನಿಂತು ಅತ್ತುಬಿಟ್ಟೆ ಕಣ್ರೀ. ಎಪ್ಪತ್ತೆರಡು ಹೆಜ್ಜೆ ಒಂದು ಗೇಣಿಗೆ ಬಂದಿತ್ತು.

ವಾರ ಕಳೆಯುವುದರೊಳಗೆ ಹನ್ನೊಂದು ಹೆಂಗಸರು ನಮ್ಮ ಬಾಗಿಲಿಗೆ ಬಂದು ಇಲಿ ಕೇಳಿದರು. ಇಲಿಗೇನು ಬರ, ಹತ್ತಿದ್ದವು ಆರು ವಾರದಲ್ಲಿ ತೊಂಬತ್ತಾಗಿದ್ದವು. ಬಿಷಪ್ಪರಿಗೆ ವಿಷಯ ಮುಟ್ಟಿತು.

"ತೆಗೆದುಹಾಕು ಸಲೋಮಾ," ಅಂದರು ಬಾಗಿಲಲ್ಲೇ ನಿಂತು. "ಸಮಾಲೋಚನೆ ಸಭೆಯೊಳಗೆ ತೆಗೆದುಹಾಕಿರಬೇಕು. ಇದು ಕಟ್ಟಳೆಯ ಕಣ್ಣಿಗೆ ಮಣ್ಣೆರಚೋದು."

ನಮ್ಮಲ್ಲಿ ವರ್ಷಕ್ಕೆರಡು ಸಲ, ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನಕ್ಕೆ ಮೊದಲು, ಈ ಸಮಾಲೋಚನೆ ಸಭೆ ಸೇರಿಸಿ, ಕಟ್ಟಳೆಗೆ ಒಪ್ಪಿಗೆ ಇದೆಯೇ ಎಂದು ಗಂಡಸು ಹೆಂಗಸು ಎನ್ನದೆ ಒಬ್ಬೊಬ್ಬರನ್ನೂ ಕೇಳುತ್ತಾರೆ. ಎಲ್ಲರೂ ಹೌದು ಅನ್ನಬೇಕು. ಇಲ್ಲವಾದರೆ ಪ್ರಭುಭೋಜನವೇ ನಿಲ್ಲುತ್ತದೆ. ಇಷ್ಟು ವರ್ಷವೂ ಹೆಂಗಸರ ಬೆಂಚುಗಳಿಂದ ಹೌದು ಬಿಟ್ಟು ಬೇರೆ ಮಾತು ಬಂದದ್ದಿಲ್ಲ. ನಾನೂ ಸೊಟ್ಟ ಕೈ ಮಡಿಲಲ್ಲಿಟ್ಟುಕೊಂಡು ಹೌದು ಅಂದವಳೇ.

ಆ ಶರತ್ಕಾಲದಲ್ಲಿ ಸಭೆ ಸೇರಿಸುವ ಸರದಿ ನಮ್ಮ ಮನೆಯದು. ಜನ ಹಿಡಿಯುವ ಜಾಗ ಶೆಡ್ಡೊಂದೇ. ಇಲಿ ಮನೆಯ ಮುಂದೆಯೇ ಬೆಂಚು ಹಾಕಿದೆವು. ಗಂಡಸರೆಲ್ಲ ಹೌದು ಅಂದು ಮುಗಿಸಿದರು. ಬಿಷಪ್ಪರು ಹೆಂಗಸರ ಕಡೆಗೆ ಬಂದರು. ಪದ್ಧತಿಯಂತೆ ಮೊದಲು ಎಲ್ಲರಿಗಿಂತ ಹಿರಿಯಳನ್ನು ಕೇಳಬೇಕು. ಹಿರಿಯಳೆಂದರೆ ಅವರ ತಾಯಿ ಫ್ರೋನಿ, ತೊಂಬತ್ತೊಂದು ವರ್ಷ.

"ಅಮ್ಮಾ, ನಿನಗೆ ಒಪ್ಪಿಗೆಯಾ?"

ಫ್ರೋನಿ ಇಲಿ ಮನೆಯತ್ತ ಕತ್ತು ತಿರುಗಿಸಿದಳು. ಹಿಂದಿನಿಂದ ಟಿಕ್ ಟಿಕ್ ಟಿಕ್ ಎಂದು ತೊಂಬತ್ತು ಇಲಿಗಳು ನೀರು ಕುಡಿಯುತ್ತಿದ್ದವು.

"ನನಗೆ ಒಪ್ಪಿಗೆ ಇಲ್ಲ ಮಗಾ," ಎಂದಳು ಮುದುಕಿ. "ನನಗೊಂದು ಇಲಿ ಬೇಕು."

ಬಿಷಪ್ಪರ ಮುಖ ಬಿಳಿಚಿಕೊಂಡಿತು. ಮುಂದಿನವಳು ಮಲಿಂಡಾ, ಅವರ ಸ್ವಂತ ಹೆಂಡತಿ. ನೆಲ ನೋಡುತ್ತಾ, "ನನಗೂ ಒಂದು," ಅಂದಳು. ಆಮೇಲೆ ಬೆಂಚಿನಿಂದ ಬೆಂಚಿಗೆ ಅದೇ ಮಾತು. ನನ್ನ ಸರದಿ ಬಂತು. "ನನ್ನ ಹತ್ರ ಇದೆ," ಅಂದೆ. "ಅದು ಇರಲಿ."

ಗಂಡಸರು ಅರ್ಧ ದಿನ ಕೂತು ಗುಸುಗುಸು ಮಾಡಿದರು. ಕೊನೆಗೆ ಬಿಷಪ್ಪರು ಎದ್ದು ನಿಂತರು. ಮನೆಗೊಂದು ಹೆಣ್ಣಿಲಿ, ಗಂಡು ಕೂಡದು, ಮರಿ ಕೂಡದು, ಹೊಸದು ತರುವುದು ಕೂಡದು. ಆ ಇಲಿ ಇರುವಷ್ಟು ದಿನ ಅಡಿಗೆ ಮನೆಗೆ ಪೈಪು ಇರಬಹುದು. ಇಲಿ ಸತ್ತ ದಿನ ಪೈಪು ಕೀಳಬೇಕು. ನಾನೇ ತಿಂಗಳಿಗೊಮ್ಮೆ ಬಂದು ನೋಡುತ್ತೇನೆ ಅಂದರು. ಜಾಣ ಮನುಷ್ಯ. ಇಲಿಯ ಆಯಸ್ಸು ಎರಡು ವರ್ಷ, ಬಹಳ ಅಂದರೆ ಮೂರು ಅಂತ ವೇಡ್‌ನನ್ನು ಮೊದಲೇ ಕೇಳಿಕೊಂಡಿದ್ದರು.

ಇಪ್ಪತ್ತೇಳು ಮನೆಗೆ ಇಪ್ಪತ್ತೇಳು ಇಲಿ ಹೋದವು. ಉಳಿದವನ್ನೂ ದೊಡ್ಡ ಮನೆಯನ್ನೂ ವೇಡ್ ಟ್ರಕ್ಕಿಗೆ ಹಾಕಿಕೊಂಡ. ಓಕ್ ಮರವನ್ನು ಸವರಿ ನೋಡಿ, ಇದನ್ನು ನನ್ನ ಹೆಂಡತಿ ನಡುಮನೆಯಲ್ಲೇ ಇಡಬಹುದು ಅಂದ. ಹೆಂಡತಿ ಇನ್ನೂ ಇದ್ದಾಳೆಂದು ನಮಗೆ ಗೊತ್ತಾದದ್ದೇ ಆಗ.

ಆಮೇಲಿನ ಎರಡು ವರ್ಷ ನಮ್ಮ ಸಭೆಯ ಹೆಂಗಸರು ಇಲಿ ಸೇವೆಗೆ ನಿಂತರು. ಮಕ್ಕಳಿಗೆ ಕೆಮ್ಮಾದರೆ ಎದೆಗೊಂದು ಈರುಳ್ಳಿ ಕಟ್ಟು ಅಷ್ಟೇ, ಇಲಿ ಸೀನಿದರೆ ಸಲಹೆ ಕೇಳಿ ಎಲ್ಲರಿಗೂ ಕಾಗದ. ನನ್ನ ಬಿಳಿ ಇಲಿಗೆ ಓಟ್ಸು, ಬೇಯಿಸಿದ ಮೊಟ್ಟೆ, ಭಾನುವಾರ ಒಂದು ಚೂರು ಆಪಲ್ ಪೈ. ಊಟಕ್ಕೆ ಮುಂಚಿನ ಮೌನ ಪ್ರಾರ್ಥನೆಯಲ್ಲಿ ಗಂಡನಿಗಿಂತ ಮೊದಲು ಅದರ ಆರೋಗ್ಯ ಬೇಡುತ್ತಿದ್ದೆ. ಬಿಷಪ್ಪರು ತಿಂಗಳಿಗೊಮ್ಮೆ ಬಂದು, ಖಾನೆ ಎಳೆದು, ಡಾಕ್ಟರ ಹಾಗೆ ಹೂಂಗುಟ್ಟಿ, ನಡೆಯುತ್ತಿದ್ದರು.

ಮೂರನೆಯ ಚಳಿಗಾಲ, ಫೆಬ್ರವರಿಯ ಒಂದು ಸೋಮವಾರ, ಕೆಟಲಿಗೆ ನೀರು ಹಿಡಿಯಲು ಬಂದವಳು ಖಾನೆ ಎಳೆದೆ. ಹಾಸಿದ ಮರದ ಹೊಟ್ಟಿನ ಮೇಲೆ ಇಲಿ ಮೂಲೆಯಲ್ಲಿ ಸುರುಳಿಯಾಗಿ ಮಲಗಿತ್ತು. ಮುಟ್ಟಿದೆ. ಮರದ ತುಂಡಿನ ಹಾಗೆ ಸೆಟೆದಿತ್ತು. ಹೊರಗೆ ಕೈಪಂಪಿನ ಮೂತಿಯಿಂದ ಹಿಮದ ಕೋಲು ನೇತಾಡುತ್ತಿತ್ತು. ನಾವು ಸುಳ್ಳು ಹೇಳುವ ಜನವಲ್ಲ. ಹೇಳುವ ಆಸೆ ಮಾತ್ರ ಅವತ್ತು ನನಗೆ ಬಂತು. ಬೇರೆ ಬಿಳಿ ಇಲಿ ಎಲ್ಲಿ ಸಿಗುತ್ತದೆ ಅಂತಲೂ ಯೋಚಿಸಿದೆ. ಅಷ್ಟರಲ್ಲಿ ಅಂಗಳದಲ್ಲಿ ಗಾಡಿ ನಿಂತಿತು. ಬಿಷಪ್ಪರು. ಅವತ್ತೇ ಬರಬೇಕೇ ಮಹಾರಾಯರು!

ಒಳಬಂದರು. ಖಾನೆ ಎಳೆದರು. ಬಹಳ ಹೊತ್ತು ನೋಡಿದರು. ನಾನು ಕೆಟಲಿನ ಹಿಡಿ ಬಿಡದೆ ನಿಂತಿದ್ದೆ.

"ಯೋಸ್ಟ್, ಅದು..."

"ನಾನು ನಿನ್ನನ್ನ ಏನೂ ಕೇಳಲಿಲ್ಲ," ಅಂದರು. ಖಾನೆ ಮುಚ್ಚಿ ಕುರ್ಚಿಯಲ್ಲಿ ಕುಸಿದು ಕೂತರು. ಆಮೇಲೆ ಟೋಪಿಯ ಅಂಚು ತಿರುಗಿಸುತ್ತಾ, "ಮಲಿಂಡಾಳ ಇಲಿ ಹೋಗಿ ಐದು ವಾರ ಆಯ್ತು," ಅಂದರು.

ನಾನು ಕಣ್ಣು ಬಿಟ್ಟುಕೊಂಡು ನೋಡಿದೆ. ನಿನ್ನೆಯಷ್ಟೇ ಮಲಿಂಡಾ ಸಭೆಯಲ್ಲಿ ನನ್ನ ಪಕ್ಕ ಕೂತಿದ್ದಳು. ಇಲಿ ಖಾನೆಗೆ ದಿನಾ ಹಾಕಿದ ಕಾಳು ದಿನಾ ಖಾಲಿ ಆಗ್ತಿದೆ ಅಂದಿದ್ದಳು.

"ಹಾಲು ಕರೆಯೋಕೆ ಎದ್ದಾಗ ನಾನೇ ನೋಡ್ದೆ. ಸೇಬಿನ ಮರದ ಬುಡದಲ್ಲಿ ಹೂತುಬಂದೆ. ಅವಳಿಗೆ ಹೇಳಿಲ್ಲ."

"ಹಾಗಾದ್ರೆ ಆ ಕಾಳು?"

"ಅವಳು ಆ ಕಡೆ ಹೋದಾಗ ನಾನು ತೆಗೆದು ಕೋಳಿಗೆ ಹಾಕ್ತೀನಿ."

"ಅವಳಿಗೆ ಗೊತ್ತಿಲ್ವಾ?"

"ಎಂಥಾ ಮಾತು ಸಲೋಮಾ. ಐವತ್ತು ವರ್ಷದ ಸಂಸಾರ. ಗೊತ್ತಿರುತ್ತೆ. ಅವಳು ಹೇಳಿಲ್ಲ, ನಾನು ಕೇಳಿಲ್ಲ." ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡರು. "ಅವಳ ಮಂಡಿ ಊತ ಇಳಿದಿದೆ. ಮೊನ್ನೆ ಅಡಿಗೆ ಮಾಡ್ತಾ ಹಾಡ್ತಾ ಇದ್ಲು. ಎಷ್ಟೋ ವರ್ಷ ಆಗಿತ್ತು ಕೇಳಿ."

ಎದ್ದರು. ಜೇಬಿನಿಂದ ದೊಡ್ಡ ಕರವಸ್ತ್ರ ತೆಗೆದು, ಖಾನೆಯಿಂದ ನನ್ನ ಇಲಿಯನ್ನು ಎತ್ತಿ ಹಸುಗೂಸಿನ ಹಾಗೆ ಸುತ್ತಿ, ಕೋಟಿನ ಒಳಜೇಬಿಗೆ ಇಟ್ಟುಕೊಂಡರು. ನಲ್ಲಿ ತಿರುಗಿಸಿ ಕೈ ತೊಳೆದರು. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ತೊಳೆದರು.

"ಕಾಳು ಹಾಕೋದು ಬಿಡಬೇಡ. ಖಾಲಿ ಮಾಡೋಕೆ ನಾನು ಎನೋಸ್‌ಗೆ ಹೇಳ್ತೀನಿ."

ಬಾಗಿಲ ತನಕ ಹೋದವರನ್ನು ತಡೆದು ಕೇಳಿದೆ. "ಯೋಸ್ಟ್, ಇಪ್ಪತ್ತೇಳರಲ್ಲಿ ಈಗ ಜೀವ ಇರೋದು ಎಷ್ಟು?"

ಅವರು ಬೆರಳು ಮಡಚಲು ಹೋಗಿ ಕೈ ಇಳಿಸಿದರು.

"ಅಮ್ಮನದೊಂದೇ," ಅಂದರು. ಟೋಪಿ ಹಾಕಿಕೊಂಡರು. "ಮುಂದಿನ ತಿಂಗಳು ಬರ್ತೀನಿ, ನಿನ್ನ ಇಲಿ ನೋಡೋಕೆ."