ಅಕ್ಕಿಕಾಳಿನಷ್ಟು ಚೂರು

ಒಡೆದ ಪಿಸ್ಟನ್ ರಿಂಗಿನ ಚೂರುಗಳನ್ನು ತಟ್ಟೆಯಲ್ಲಿ ಜೋಡಿಸಿದೆ. ಅಕ್ಕಿಕಾಳಿನಷ್ಟು ಚೂರೊಂದು ಕಡಿಮೆಯಿತ್ತು. ಅದು ಎಂಜಿನ್ನಿನ ತಳದಲ್ಲಿ ಉಳಿದರೆ ಗಾಡಿ ಸಂಡೂರು ಘಾಟಿನಲ್ಲಿ ಜಾಮ್ ಆಗುತ್ತದೆ. ಹಿಂದೊಬ್ಬ ಹಾಗೇ ಬಿದ್ದದ್ದನ್ನು ನಾನು ಮರೆತಿಲ್ಲ.

ಗಾಡಿಯ ಒಡತಿ, ನರ್ಸ್ ಶೈಲಶ್ರೀ, ಹೆಲ್ಮೆಟ್ ಹಿಡಿದು ನಿಂತಿದ್ದಳು. "ಸಂಜಿ ಡ್ಯೂಟಿ ಐತ್ರಿ ತಾತ, ಎಂಜಿನ್ ಮುಚ್ಚಿಬಿಡ್ರಿ."

"ಸಿಗೋತನ ಮುಚ್ಚಂಗಿಲ್ಲವ್ವ."

ಮೂರನೇ ಸಲ ಸೀಮೆಎಣ್ಣೆ ಸುರಿದು ತೊಳೆದೆ. ಒಳಗೆ ಆಯಸ್ಕಾಂತ ಆಡಿಸಿದರೂ ಏನೂ ಹತ್ತಲಿಲ್ಲ.

ಬುತ್ತಿ ತಂದ ನನ್ನ ಹೆಂಡತಿ ಎರ್ರಮ್ಮ, ತೊಳೆದ ಎಣ್ಣೆಯ ಬೋಗುಣಿ ಎತ್ತಿಕೊಂಡಳು. "ನಲವತ್ತು ವರ್ಷ ನನ್ನ ಅನ್ನದಾಗ ಕಲ್ಲು ಹುಡುಕಿದೋರು, ಇದು ಸಿಗವಲ್ದೇನ್ರಿ?"

ಅಕ್ಕಿ ತೊಳೆಯುವಂತೆ ತಿರುಗಿಸುತ್ತ ಮೇಲಿನ ಎಣ್ಣೆಯನ್ನು ಮೆಲ್ಲಗೆ ಬಸಿದಳು. ತಳದ ಕಪ್ಪು ಜಿಡ್ಡಿನಲ್ಲಿ ಏನೋ ಕಿರ್ ಎಂದಿತು.

ಆ ಚೂರನ್ನು ತಟ್ಟೆಯಲ್ಲಿಟ್ಟಾಗ ರಿಂಗ್ ಪೂರ್ತಿಯಾಯಿತು.

"ಈಗ ಮುಚ್ಚತೀನವ್ವ" ಎಂದೆ.