ಬದುಕಿದ್ದವರಿಗೆ ಓಂ ಶಾಂತಿ

ಕೆಂಗೇರಿಯಲ್ಲಿ ಮೆಟ್ರೊ ಹತ್ತಿ, ಮೂಲೆಯ ಸೀಟು ಹಿಡಿದು, ಗಾಜಿಗೆ ತಲೆ ಆನಿಸಿ ಕಣ್ಣು ಮುಚ್ಚಿದರೆ ಸಾಕು, ದುಂಡೇಶನಿಗೆ ಇಂಗ್ಲಿಷ್ ಬರುತ್ತಿತ್ತು. ತಡವರಿಕೆಯಿಲ್ಲದ, ಇಸ್ತ್ರಿ ಮಾಡಿದ ಅಂಗಿಯಂಥ ಇಂಗ್ಲಿಷ್. ಕನಸಿನಲ್ಲಿ ಅವನು ಒಂದೇ ಒಂದು ವಾಕ್ಯ ಹೇಳುತ್ತಿದ್ದ. ಪಾರ್ಸಲ್ ಮೂಟೆಯ ಮೇಲೆ ಕೂತ ರಾಜೇಂದ್ರ ಅದನ್ನು ಕೇಳಿ ತಲೆದೂಗಿ, ಪಕ್ಕಕ್ಕೆ ಸರಿದು ಜಾಗ ಕೊಡುತ್ತಿದ್ದ. ಅಷ್ಟರಲ್ಲಿ ಯಾವುದೋ ನಿಲ್ದಾಣ ಬಂದು ಬಾಗಿಲು ತೆರೆದುಕೊಳ್ಳುತ್ತಿತ್ತು. ಇಳಿಯುವವರ ಜೊತೆ ಆ ವಾಕ್ಯವೂ ಇಳಿದುಹೋಗುತ್ತಿತ್ತು.

ರಾಜೇಂದ್ರ ಅವನನ್ನು ಫೇಸ್‌ಬುಕ್‌ನಲ್ಲಿ ಅನ್‌ಫ್ರೆಂಡ್ ಮಾಡಿ ವಾರವಾಗಿತ್ತು. ಇಬ್ಬರೂ ನಾಯಂಡಹಳ್ಳಿಯ ಒಂದು ಪಾರ್ಸಲ್ ಗೋಡೌನಿನಲ್ಲಿ ಕೆಲಸಕ್ಕಿದ್ದರು. ಗದಗದ ಕಡೆಯಿಂದ ಬಂದ ದುಂಡೇಶನಿಗೆ ಬಾಡಿಗೆಯ ಕೋಣೆ ಹುಡುಕಿಕೊಟ್ಟವನು, ಊಟದ ಬಿಡುವಿನಲ್ಲಿ ಕೂರಿಸಿಕೊಂಡು ಇಂಗ್ಲಿಷ್ ಕಲಿಸಿದವನು ಚಂದ್ರಾ ಲೇಔಟಿನ ಈ ರಾಜೇಂದ್ರ. ಇಷ್ಟು ದೊಡ್ಡ ಊರಿನಲ್ಲಿ ಗೆಳೆಯ ಅಂತ ಇದ್ದವನು ಅವನೊಬ್ಬನೇ.

ತಪ್ಪು ಆದದ್ದು ಹೀಗೆ. ರಾಜೇಂದ್ರನ ತಂದೆ ವೆಂಕಟರಮಣಪ್ಪ ಎದೆನೋವೆಂದು ಆಸ್ಪತ್ರೆ ಸೇರಿದ್ದರು. ಆ ದಿನಗಳಲ್ಲಿ ರಾಜೇಂದ್ರನ ಪಾಳಿಯನ್ನೂ ದುಂಡೇಶನೇ ಮಾಡಿದ. ಅವನ ಸ್ವಂತ ಅಪ್ಪ ಎದೆನೋವಿನಲ್ಲೇ ಹೋದವನು. ಮೂಟೆ ಹೊರುವಾಗಲೂ ಅವನ ಕಿವಿ ಫೋನಿನ ಕಡೆಗೇ ಇತ್ತು. ಒಂದು ಬೆಳಿಗ್ಗೆ ರಾಜೇಂದ್ರನ ಪುಟದಲ್ಲಿ ತಂದೆಯ ಫೋಟೊ ಬಂತು. ಕೊರಳಲ್ಲಿ ದಪ್ಪ ಸುಗಂಧರಾಜದ ಹಾರ. ಕೆಳಗೆ ‘ಅಪ್ಪ’ ಎಂಬ ಒಂದೇ ಮಾತು, ಮುಗಿದ ಎರಡು ಕೈ. ದುಂಡೇಶ ‘ಓಂ ಶಾಂತಿ’ ಎಂದು ಎಲ್ಲರಿಗಿಂತ ಮೊದಲು ಬರೆದ. ಅವನ ಹಿಂದೆ ನೆಂಟರು, ಹಳೆಯ ಸಹಪಾಠಿಗಳು ಸಾಲುಗಟ್ಟಿದರು.

ಅದು ನಿವೃತ್ತಿಯ ದಿನ ಸನ್ಮಾನದಲ್ಲಿ ತೆಗೆದ ಫೋಟೊ. ತಂದೆ ಗುಣವಾಗಿ ಮನೆಗೆ ಬಂದ ಸಂತೋಷಕ್ಕೆ ಮಗ ಹಾಕಿದ್ದ. ಮಧ್ಯಾಹ್ನ ಮಾಗಡಿಯಿಂದ ಸೋದರತ್ತೆಯೊಬ್ಬರು ಹಾರ ಹಿಡಿದು ಅಳುತ್ತ ಬಂದಾಗ ಬಾಗಿಲು ತೆರೆದವರು ಸ್ವತಃ ವೆಂಕಟರಮಣಪ್ಪನವರೇ. ಸುದ್ದಿ ಗೋಡೌನಿಗೂ ಬಂತು, ನಗುವೂ ಬಂತು. ರಾಜೇಂದ್ರ ಮಾತ್ರ ನಗಲಿಲ್ಲ. ಪಾಳಿ ಬದಲಿಸಿಕೊಂಡ, ಫೋನ್ ಎತ್ತಲಿಲ್ಲ.

ಕ್ಷಮೆ ಕೇಳಿ ಬರೆಯಬೇಕಿತ್ತು. ಕನ್ನಡದಲ್ಲಿ ಮೊದಲ ಮಾತಿಗೇ ತೊಡಕು. ‘ನೀನು’ ಎನ್ನಲು ಸಲುಗೆ ಉಳಿದಿತ್ತೋ ಇಲ್ಲವೋ ತಿಳಿಯದು. ‘ನೀವು’ ಎಂದರೆ ಉಳಿದಿದ್ದಕ್ಕೂ ಎಳ್ಳುನೀರು ಬಿಟ್ಟಂತೆ. ಇಂಗ್ಲಿಷಿಗೆ ಆ ಕಷ್ಟವಿಲ್ಲ. ಕಲಿಸಿದವನ ಮುಂದೆ ಕಲಿತದ್ದನ್ನು ಇಟ್ಟ ಹಾಗೂ ಆಗುತ್ತದೆ. ಅನ್‌ಫ್ರೆಂಡ್ ಮಾಡಿದವರಿಗೆ ಇಂಗ್ಲಿಷಿನಲ್ಲಿ ಹೇಗೆ ಉತ್ತರಿಸುವುದು ಎಂದು ಫೋನಿನಲ್ಲಿ ಹುಡುಕಿದ. ನಿಮ್ಮ ನಿರ್ಧಾರವನ್ನು ಗೌರವಿಸುತ್ತೇನೆ, ನಿಮಗೆ ಶುಭವಾಗಲಿ ಎಂಬ ಅರ್ಥದ ವಾಕ್ಯಗಳು ಬೇಕಾದಷ್ಟು ಸಿಕ್ಕವು. ಆದರೆ ಆ ನಿರ್ಧಾರವನ್ನು ಅವನು ಗೌರವಿಸುತ್ತಿರಲಿಲ್ಲ. ರಾಜೇಂದ್ರ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿ ಎಂಬುದೇ ಅವನ ಆಸೆಯಾಗಿತ್ತು.

ಇವತ್ತು ವಾರದ ರಜೆ. ಅತ್ತಿಗುಪ್ಪೆಯಲ್ಲಿ ಇಳಿದು ಮನೆಗೇ ಹೋಗಿಬಿಡುವುದೆಂದು ಹೊರಟಿದ್ದ. ಜ್ಞಾನಭಾರತಿ ದಾಟುವಾಗ ಕಣ್ಣು ಎಳೆಯಿತು. ಮತ್ತೆ ಅದೇ ಮೂಟೆಗಳು, ಅದೇ ವಾಕ್ಯ. ಕಣ್ಣು ಬಿಟ್ಟಾಗ ಹೊರಗೆ ನಾಯಂಡಹಳ್ಳಿಯ ತಗಡಿನ ಸೂರುಗಳು ಬಿಸಿಲಿನಲ್ಲಿ ಕೆರೆಯ ನೀರಿನಂತೆ ತೇಲುತ್ತಿದ್ದವು. ಎದುರು ಸೀಟಿನಲ್ಲಿ ಫೋಟೊದ ಮುಖ ಕೂತಿತ್ತು. ಹಾರ ಇರಲಿಲ್ಲ, ತೊಡೆಯ ಮೇಲೆ ಬಟ್ಟೆಯ ಚೀಲ, ಅದರೊಳಗೆ ಆಸ್ಪತ್ರೆಯ ಫೈಲು. ಕನಸು ಮುಂದುವರಿದಿದೆಯೆಂದೇ ದುಂಡೇಶ ಅಂದುಕೊಂಡ. ಹಾಗಾಗಿ ಹೆದರದೆ ನೋಡುತ್ತಲೇ ಕೂತ.

“ಏನಪ್ಪಾ, ಹಂಗ್ ನೋಡ್ತಾ ಇದೀಯ? ಪರಿಚಯನಾ?”

“ನಾ ದುಂಡೇಶ ರೀ. ಗೋಡೌನಿನ್ಯಾಂವ.”

“ಓಹೋ,” ಎಂದರು ವೆಂಕಟರಮಣಪ್ಪ. “ನನ್ನ ಸಾಯಿಸಿದೋನು.” ಚೀಲ ಎತ್ತಿಕೊಂಡು ಪಕ್ಕದ ಸೀಟನ್ನು ಕೈಯಿಂದ ತಟ್ಟಿದರು.

ಅತ್ತಿಗುಪ್ಪೆಯಲ್ಲಿ ಇಳಿದ ಮೇಲೂ ದುಂಡೇಶನಿಗೆ ನೆಲ ಸರಿಯಾಗಿ ತಾಗಿದಂತಿರಲಿಲ್ಲ. ದಾರಿಯಲ್ಲಿದ್ದ ದರ್ಶಿನಿಯೊಂದರಲ್ಲಿ ಮುದುಕರು ಎರಡು ಕಾಫಿ ಹೇಳಿದರು. ಸುಳ್ಳು ಸಾವಿನ ಸುದ್ದಿ ಹಬ್ಬಿದರೆ ಆಯಸ್ಸು ಗಟ್ಟಿ ಎಂದು ತಮ್ಮ ಹೆಂಡತಿ ಅಂಜಮ್ಮ ಅವತ್ತೇ ಪಾಯಸ ಮಾಡಿದ್ದನ್ನು ಹೇಳಿದರು. ನಮ್ಮವ್ವನೂ ಹಿಂಗ ಅಂತಾಳ್ರಿ ಎಂದ ದುಂಡೇಶ. ಬರೆದವರನ್ನೆಲ್ಲ ಅವರು ಕನ್ನಡಕ ಹಾಕಿ ಓದಿದ್ದರಂತೆ. ಒಂದು ದಿನವೂ ಸರಿಯಾಗಿ ರಜೆ ಕೊಡದ ಹಳೆಯ ಮೇಲಧಿಕಾರಿಯೊಬ್ಬರು ಅವರನ್ನು ಅಜಾತಶತ್ರು ಎಂದು ಹೊಗಳಿದ್ದರಂತೆ.

ಆಮೇಲೆ ಲೋಟ ಕೆಳಗಿಟ್ಟರು. “ನಿನ್ ಮೇಲಿನ ಕೋಪ ಅಲ್ಲ ಕಣಪ್ಪ ಅವನದು. ಆಸ್ಪತ್ರೇಲಿ ಅವನು ಬಾಯ್ ಬಿಟ್ಟು ಹೇಳ್ದೆ ಹೆದರ್ಕೊಂಡಿದ್ನಲ್ಲ, ಅದನ್ನ ನೀನು ಎಲ್ರಿಗೂ ಕಾಣೋ ಹಾಗೆ ಬರೆದ್ಬಿಟ್ಟೆ.”

ಅವನಿಗೆ ಕ್ಷಮೆ ಕೇಳಿ ಇಂಗ್ಲಿಷಿನಲ್ಲಿ ಬರೆಯಬೇಕೆಂದಿದ್ದೇನೆ, ಬರುತ್ತಿಲ್ಲ ಎಂದಷ್ಟೇ ದುಂಡೇಶ ತಿಳಿಸಿದ. ವೆಂಕಟರಮಣಪ್ಪನವರ ಬೆನ್ನು ನೆಟ್ಟಗಾಯಿತು. ಸರ್ಕಾರಿ ಕಚೇರಿಯಲ್ಲಿ ಇಂಗ್ಲಿಷ್ ಪತ್ರಗಳ ಕರಡು ಬರೆದೇ ನಿವೃತ್ತರಾದವರು ಅವರು. ಫೋನ್ ತೆಗಿ ಎಂದರು, ಹೇಳುತ್ತ ಹೋದರು. ತಮ್ಮದೇ ಸಾವಿನ ಬಗ್ಗೆ ಬೇರೊಬ್ಬನ ಪರವಾಗಿ ಅವರು ಕ್ಷಮೆ ಕೇಳುವುದನ್ನು ಪಕ್ಕದ ಮೇಜಿನವರು ತಿರುಗಿ ತಿರುಗಿ ನೋಡಿದರು.

‘ವಿತ್ ರೆಫರೆನ್ಸ್ ಟು ದಿ ಡೆತ್ ಆಫ್ ಯುವರ್ ಫಾದರ್, ಐ ಬೆಗ್ ಟು ಸ್ಟೇಟ್ ದಟ್ ದಿ ಸೆಡ್ ಫಾದರ್ ಈಸ್ ಹ್ಯಾವಿಂಗ್ ಕಾಫಿ ವಿತ್ ಮಿ.’ ಸದರಿ ತಂದೆಯವರು ನನ್ನ ಜೊತೆ ಕಾಫಿ ಕುಡಿಯುತ್ತಿದ್ದಾರೆಂದು ವಿನಂತಿ. ದುಂಡೇಶ ಟೈಪ್ ಮಾಡಿದ. ಎಲ್ಲಿಯೂ ತಪ್ಪಿರಲಿಲ್ಲ. ಆದರೂ ಇದು ಆ ವಾಕ್ಯವಲ್ಲ ಎಂದು ಅವನಿಗೆ ತಿಳಿಯಿತು. ಕಿವಿಯಲ್ಲಿ ಕಾಫಿ ಲೋಟಗಳ ಸದ್ದು ದೂರವಾಯಿತು. ಕನಸಿನದು ಬಹಳ ಉದ್ದದ, ಚೆಂದದ ವಾಕ್ಯವೆಂದು ಇಷ್ಟು ದಿನ ನಂಬಿದ್ದ. ಈಗ ಬಂದದ್ದು ತೀರ ಸಣ್ಣದು. ಯಾರನ್ನೂ ಕೇಳದೆ ಕೆಳಗೆ ಸೇರಿಸಿದ: ‘ಐ ವಾಸ್ ಅಫ್ರೇಡ್ ಆಲ್ಸೊ. ಸೋ ಐ ರೋಟ್ ಫಸ್ಟ್.’

ನಾನೂ ಹೆದರಿದ್ದೆ. ಅದಕ್ಕೇ ಮೊದಲು ಬರೆದೆ.

ವೆಂಕಟರಮಣಪ್ಪ ಕನ್ನಡಕ ಏರಿಸಿ ಓದಿದರು. ಬಹಳ ಹೊತ್ತು ಓದಿದರು. ಏನನ್ನೂ ತಿದ್ದಲಿಲ್ಲ. ಮೇಲಿನದನ್ನು ಬೇಕಾದರೆ ತೆಗೆದುಹಾಕು ಎಂದರು. ದುಂಡೇಶ ತೆಗೆಯಲಿಲ್ಲ, ಹಾಗೇ ಕಳಿಸಿದ.

ಕಾಫಿ ಮುಗಿದು, ಲೋಟ ಒಯ್ದು, ಮೇಜು ಒರೆಸಿ ಹೋದ ಮೇಲೆ ಫೋನ್ ಬಂತು.

“ಎಲ್ಲಿದೀಯ?” ರಾಜೇಂದ್ರನ ದನಿ.

ದುಂಡೇಶ ದರ್ಶಿನಿಯ ಹೆಸರು ಹೇಳಿದ.

“ಅಪ್ಪನ್ನ ಈ ಬಿಸಿಲಲ್ಲಿ ನಡೆಸ್ಬೇಡ. ಗಾಡಿ ತರ್ತೀನಿ.” ಆ ಕಡೆ ಕೀಲಿಕೈಯ ಸದ್ದಾಯಿತು. “ಗಾಡೀಲಿ ಇಬ್ರೇ ಹಿಡಿಸೋದು ಮಗಾ. ನೀನು ನಡ್ಕೊಂಡು ಬಾ. ಬೇಗ ಬಾ, ಅಮ್ಮ ಬಡಿಸೋಕೆ ಕಾಯ್ತಾರೆ.”

ರಾಜೇಂದ್ರ ಬಂದ. ದುಂಡೇಶನ ಮುಖ ನೋಡದೆ ಅವನ ಕೈಯಿಂದ ಅಪ್ಪನ ಚೀಲ ಇಸಿದುಕೊಂಡ, ಅಪ್ಪನನ್ನು ಹಿಂದೆ ಕೂರಿಸಿಕೊಂಡ. ಗಾಡಿ ನಿಧಾನವಾಗಿ ಹೊರಟಿತು. ಎಷ್ಟು ನಿಧಾನವೆಂದರೆ, ಮುದುಕರ ಬಿಳಿ ಅಂಗಿಯನ್ನು ಕಣ್ಣಳತೆಯಲ್ಲಿ ಇಟ್ಟುಕೊಂಡು ಚಂದ್ರಾ ಲೇಔಟಿನ ಹೊಂಗೆಯ ನೆರಳುಗಳಲ್ಲಿ ದುಂಡೇಶ ಮನೆಯವರೆಗೂ ನಡೆಯಬಹುದಾಗಿತ್ತು.