ಪಟ್ಟಿಯಲ್ಲಿಲ್ಲದ ಲಸಿಕೆ

ಚಿತ್ರಾ ಮತ್ತು ಮಂಜುಶ್ರೀ ಜಾವಗಲ್ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ನರ್ಸುಗಳು. ಒಟ್ಟಿಗೆ ಓದಿ, ಒಟ್ಟಿಗೆ ಇಂಗ್ಲಿಷ್ ಪರೀಕ್ಷೆ ಕಟ್ಟಿ, ಐರ್ಲೆಂಡಿನ ಒಂದೇ ವೃದ್ಧಾಶ್ರಮಕ್ಕೆ ಆಯ್ಕೆಯಾಗಿದ್ದರು. ಅಂಕ ಚಿತ್ರಾಳದೇ ಹೆಚ್ಚು.

೨೦೨೧ರ ಜನವರಿಯಲ್ಲಿ ಸಿಬ್ಬಂದಿಗೆ ಕೋವಿಡ್ ಲಸಿಕೆ ಬಂತು. ಅವತ್ತು ಸೂಜಿ ಹಿಡಿದವಳು ಚಿತ್ರಾ. ಕೊನೆಯ ಡೋಸ್ ಉಳಿದಾಗ, "ನೀನು ಹಾಕಿಸ್ಕೊ ಕಣೇ, ಬಸ್ತಿಹಳ್ಳಿಯಿಂದ ಬಸ್ ಹತ್ತಿ ಬತ್ತೀಯ. ನಾನು ಇಲ್ಲೇ ಇರೋಳು" ಎಂದು ಮಂಜುಶ್ರೀಗೆ ಚುಚ್ಚಿದಳು. ಮುಂದಿನ ವಾರ ಬೇರೆ ಕಂಪನಿಯ ಲಸಿಕೆ ಬಂತು. ಚಿತ್ರಾ ಅದನ್ನು ಹಾಕಿಸಿಕೊಂಡಳು. ಎರಡೂ ಒಂದೇ ಎಂದು ಜನರಿಗೆ ದಿನಾ ಹೇಳುತ್ತಿದ್ದವಳೂ ಅವಳೇ.

ಆಗಸ್ಟಿನಲ್ಲಿ, ಐರ್ಲೆಂಡಿಗೆ ಕಳಿಸುವ ಏಜೆನ್ಸಿಯವನು ಚಿತ್ರಾಳಿಗೆ ಫೋನ್ ಮಾಡಿದ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿರುವ ಲಸಿಕೆಯಷ್ಟೇ ನಡೆಯುತ್ತದೆ, ಚಿತ್ರಾಳದು ಅದರಲ್ಲಿಲ್ಲ.

"ನಮ್ ಸರ್ಕಾರವೇ ಕೊಟ್ಟಿದ್ದು ಸಾರ್."

"ಅಲ್ಲಿನ ನಿಯಮ ಮೇಡಂ, ನಾನೇನ್ ಮಾಡ್ಲಿ?"

"ಪಟ್ಟಿಯಲ್ಲಿರೋದನ್ನೇ ಇನ್ನೊಂದ್ಸಲ ಹಾಕಿಸ್ಕೊಳ್ಲಾ?"

"ನಿಮಗೆ ಎರಡು ಡೋಸ್ ಆಗಿದೆ ಅಂತ ದಾಖಲಾಗಿದೆ. ಮೂರನೇದು ಕೊಡಲ್ಲ."

ಮಂಜುಶ್ರೀಯ ಲಸಿಕೆ ಪಟ್ಟಿಯಲ್ಲಿತ್ತು, ಅವಳಿಗೆ ಅಡ್ಡಿಯಾಗಲಿಲ್ಲ. ದಪ್ಪ ಕೋಟು ಕೊಂಡು ತಂದು, "ಹೆಂಗೈತೆ?" ಎಂದು ಕೇಳಿದಳು. ಚಿತ್ರಾ ಚೆನ್ನಾಗಿದೆ ಎಂದಳು. ತಾನೇ ಚುಚ್ಚಿದ ಆ ತೋಳನ್ನು ಕಂಡರೆ ಅವಳ ಹೊಟ್ಟೆಯೊಳಗೆ ಬೆಂಕಿ ಏಳುತ್ತಿತ್ತು.

ಸೆಪ್ಟೆಂಬರಿನಲ್ಲಿ, ಮಂಜುಶ್ರೀ ಏಜೆನ್ಸಿಗೆ ಕೊಡಬೇಕಿದ್ದ ಅನುಭವ ಪತ್ರ ಹಾಸನದ ಜಿಲ್ಲಾ ಆರೋಗ್ಯ ಕಚೇರಿಯಿಂದ ಬಂತು. ಲಕೋಟೆ ಸಿಕ್ಕಿದ್ದು ಚಿತ್ರಾಳ ಕೈಗೆ. ಅದನ್ನು ರಿಜಿಸ್ಟರುಗಳ ಅಡಿಗೆ ತಳ್ಳಿದಳು. "ಬಂತೇನೇ?" ಎಂದು ಮಂಜುಶ್ರೀ ಮೂರು ದಿನ ಕೇಳಿದಳು. ಮೂರು ದಿನವೂ ಚಿತ್ರಾ ಇಲ್ಲವೆಂದಳು.

ನಾಲ್ಕನೆಯ ದಿನ ಮಂಜುಶ್ರೀ ಹಾಸನಕ್ಕೇ ಹೋಗಿಬಂದು ಬೆಂಚಿನ ಮೇಲೆ ಕುಸಿದಳು. "ಕಳ್ಸಿದೀವಿ ಅಂತಾರೆ. ನಾಳೆಯೇ ಕೊನೆ ದಿನ. ಹೋಗ್ಲಿ ಬಿಡೇ, ನಿಂಗಾದಂಗೇ ನಂಗೂ ಆಯ್ತು."

ಆ ಮಾತು ಕೇಳಿ ಚಿತ್ರಾಳಿಗೆ ಸಂತೋಷವಾಯಿತು. ಸಂತೋಷವಾದದ್ದು ಗೊತ್ತಾದ ಕೂಡಲೇ ಎದ್ದು ಹೋಗಿ ಲಕೋಟೆ ತಂದಳು.

"ಇಲ್ಲೇ ಇತ್ತು. ನಾನೇ ಮುಚ್ಚಿಟ್ಟಿದ್ದೆ."

ಮಂಜುಶ್ರೀ ಲಕೋಟೆ ಒಡೆದು ಪತ್ರ ನೋಡಿದಳು. "ಪಟ್ಟಿ ಮಾಡ್ದೋಳು ನಾನಲ್ವಲ್ಲೇ ಚಿತ್ರಾ" ಎಂದಷ್ಟೇ ಹೇಳಿ ಎದ್ದುಹೋದಳು. ಅಕ್ಟೋಬರಿನಲ್ಲಿ ಐರ್ಲೆಂಡಿಗೆ ಹೊರಟು ಅರಸೀಕೆರೆಯಲ್ಲಿ ರೈಲು ಹತ್ತುವ ದಿನ ಅವಳು ಕರೆಯಲಿಲ್ಲ, ಇವಳು ಹೋಗಲಿಲ್ಲ.

ನವೆಂಬರಿನಲ್ಲಿ ಚಿತ್ರಾಳ ಲಸಿಕೆಯೂ ಪಟ್ಟಿಗೆ ಸೇರಿತು. ಅಷ್ಟರಲ್ಲಿ ಆ ಕೆಲಸಕ್ಕೆ ಬೇರೆಯವರು ಸೇರಿದ್ದರು. ಅವಳು ಕೂತು ವಿಶ್ವ ಆರೋಗ್ಯ ಸಂಸ್ಥೆಗೂ ದೆಹಲಿಯ ಆರೋಗ್ಯ ಸಚಿವಾಲಯಕ್ಕೂ ಕಾಗದ ಬರೆದಳು: ನಮ್ಮ ತೋಳಿಗೆ ಬಿದ್ದ ಲಸಿಕೆಯನ್ನು ನಾವು ಆರಿಸಿಕೊಂಡಿರಲಿಲ್ಲ, ಇಂಥ ನಿಯಮ ಮಾಡುವಾಗ ನಮ್ಮಂಥವರ ಮಾತನ್ನು ಯಾಕೆ ಕೇಳುವುದಿಲ್ಲ? ಕಳಿಸುವ ಮೊದಲು, ಎರಡು ತಿಂಗಳ ಮೌನ ಮುರಿದು, ಮಂಜುಶ್ರೀಗೆ ಅದರ ಫೋಟೋ ಹಾಕಿದಳು.

ಸಂಜೆ ಉತ್ತರ ಬಂತು: "ಕೆಳಗೆ ನನ್ನ ಹೆಸರೂ ಬರಿ."

ಪಕ್ಕದಲ್ಲಿ ಹೊಸ ಸಮವಸ್ತ್ರದಲ್ಲಿ ನಗುತ್ತಿದ್ದ ಮಂಜುಶ್ರೀಯ ಚಿತ್ರವಿತ್ತು. ಹೊಟ್ಟೆಕಿಚ್ಚು ಇನ್ನೂ ಹೋಗಿರಲಿಲ್ಲ. ಚಿತ್ರಾ ಅವಳ ಹೆಸರನ್ನು ಬರೆದು ಕಾಗದ ಮಡಿಚಿದಳು.